ಅಳಿಸಿಹೋದ ನಾಲ್ಕು ಸಾಲು

ಅವನು ಮೊದಲ ಸಲ ಅವಳ ಮೇಜಿನ ಮುಂದೆ ಬಂದು ನಿಂತದ್ದೇ ಉರಿಮುಖ ಹೊತ್ತುಕೊಂಡು.

"ನಾನು ಕಳಿಸಿದ ಅನುವಾದ ಪೂರ್ತಿ ಕಸವಾಗಿ ಬಂದಿದೆಯಂತೆ. ಇಲ್ಲಿ ಇಮೇಲ್ ನೋಡ್ಕೊಳ್ಳೋರು ನೀವೇನಾ?"

ಆ ಪ್ರಕಾಶನದ ಕಂಪ್ಯೂಟರ್‌ಗಳೆಲ್ಲ ಅವಳ ಸುಪರ್ದಿ. ಅಕ್ಷರಗಳು ಕೆಟ್ಟಿಲ್ಲ, ನಮ್ಮ ಮಶಿನ್ ಅವನ್ನು ಬೇರೆ ಲಿಪಿಯೆಂದುಕೊಂಡು ಓದುತ್ತಿದೆ ಎಂದಳು. ಒಂದು ಸೆಟ್ಟಿಂಗ್ ಬದಲಿಸಿದಳು. ಕಾಗೆಕಾಲು ಗುಬ್ಬಿಕಾಲಾಗಿದ್ದದ್ದು ಮುದ್ದಾದ ಕನ್ನಡವಾಯಿತು.

ಅವನು ನಕ್ಕ. ಅವಳು ಅಲ್ಲೇ ಸೋತುಹೋದಳು.

ವರ್ಷ ತುಂಬುವಷ್ಟರಲ್ಲಿ ಮದುವೆಯ ಮಾತು. ಅಷ್ಟರಲ್ಲೇ ಅವನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ನಿನಗೆ ನನಗಿಂತ ಕೆಲಸವೇ ಹೆಚ್ಚು ಅಂದುಬಿಟ್ಟಳು. ಅವನು ಎದ್ದುಹೋದ.

ಕೆಲವು ದಿನಗಳ ಮೇಲೆ, ಅವನಿನ್ನೂ ಊರು ಬಿಡುವ ಮೊದಲೇ, ಹೊಸ ಕಚೇರಿ ಕೊಟ್ಟಿದ್ದ ವಿಳಾಸದಿಂದ ಅವನ ಮೇಲ್ ಬಂತು. ನಾಲ್ಕು ಸಾಲು... ಅಷ್ಟೂ ಬರೀ ಪ್ರಶ್ನೆಚಿಹ್ನೆ. ಓದಲಾಗುತ್ತಿಲ್ಲ, ಮತ್ತೆ ಕಳಿಸು ಎಂದು ಉತ್ತರಿಸಿದಳು.

ಸಂಜೆ ಅವನ ಫೋನ್.

"ಅಷ್ಟು ಬೇಡಿಕೊಂಡೆ. ನೀನು ಬರೀ ಪ್ರಶ್ನೆಚಿಹ್ನೆ ಕಳಿಸಿದ್ಯಲ್ಲ... ಸಾಕು ಬಿಡು."

ಅವಳು ಬಾಯಿ ತೆರೆಯುವ ಮೊದಲೇ ಕರೆ ಕಟ್ಟಾಯಿತು. ಆಮೇಲೆ ಫೋನ್ ಸ್ವಿಚ್ಡ್ ಆಫ್.

ಅವನ ಹೊಸ ಕಚೇರಿಯ ಹಳೆಯ ಸರ್ವರ್ ಹೋಗುವ, ಬರುವ ಕನ್ನಡವನ್ನೆಲ್ಲ ನುಂಗುತ್ತಿದೆ ಎಂದು ಅವಳಿಗೆ ಹೊಳೆಯಿತು. ತಿಳಿದದ್ದನ್ನೆಲ್ಲ ಮಾಡಿ ನೋಡಿದಳು. ಮೇಲ್‌ನ ಮೂಲ ಪ್ರತಿ ತೆರೆದರೆ ಅಲ್ಲೂ ಪ್ರಶ್ನೆಚಿಹ್ನೆಗಳೇ. ತಪ್ಪಾಗಿ ಕಾಣುವ ಅಕ್ಷರವನ್ನು ಸರಿಪಡಿಸಬಹುದು, ಇಲ್ಲದ್ದನ್ನು ಎಲ್ಲಿಂದ ತರುವುದು?

'ಎಲ್ಲರ ಮೇಲ್ ಸರಿಮಾಡ್ತೀನಿ... ನನ್ನವನ ನಾಲ್ಕು ಸಾಲು ಓದೋಕಾಗ್ಲಿಲ್ಲವಲ್ಲ...'

ಮರುದಿನ ಬೆಳಿಗ್ಗೆಯೂ ಮನೆಯಲ್ಲಿ ಪರದೆಯ ಮುಂದೆ ಕೂತು ಅಳುತ್ತಿದ್ದವಳನ್ನು ಕಂಡು ಅತ್ತಿಗೆ ಲ್ಯಾಪ್‌ಟಾಪ್ ಮುಚ್ಚಿದಳು.

"ಅದರೊಳಗೆ ಏನೂ ಉಳಿದಿಲ್ಲ ಅಂತ ನೀನೇ ಹೇಳ್ತೀಯ. ಬರೆದವನು ಇವತ್ತು ಮಧ್ಯಾಹ್ನದ ರೈಲಿಗಲ್ವಾ ಹೋಗೋದು? ನಡಿ, ಹೋಗಿ ಕೇಳು."

ಬಿದ್ದಂಬೀಳ ನಿಲ್ದಾಣಕ್ಕೆ ಓಡಿದಳು. ಬೋಗಿಯ ಬಾಗಿಲಲ್ಲಿ ನಿಂತಿದ್ದವನು ಅವಳನ್ನು ಕಂಡು ಮುಖ ತಿರುಗಿಸಿದ.

"ನೀನು ಬರೆದದ್ದು ಒಂದಕ್ಷರವೂ ನನಗೆ ಸಿಗಲಿಲ್ಲ. ನಾನು ಬರೆದದ್ದೂ ನಿನಗೆ ಸಿಕ್ಕಿಲ್ಲ. ಸರ್ವರ್ ತಿಂದುಹಾಕಿದೆ... ಬಾಯಲ್ಲೇ ಹೇಳು."

ಅವನು ಆ ಬೆವೆತ ಮುಖವನ್ನೇ ನೋಡಿದ. ನಿಧಾನವಾಗಿ ಕೆಳಗಿಳಿದ.

"ನೀನು ಬೇಡ ಅಂದ್ರೆ ಹೋಗಲ್ಲ ಅಂತ ಬರೆದಿದ್ದೆ. ನಿನ್ನ ಬಿಟ್ಟು ಅಲ್ಲಿ ಏನು ಮಾಡ್ಲಿ ಅಂತ..."

ಹೋಗಬೇಡ ಎನ್ನಲೆಂದೇ ಬಂದಿದ್ದವಳಿಗೆ ಆ ಮಾತು ಬಾಯಿಗೆ ಬರಲಿಲ್ಲ. ಅವನ ತೋಳು ಹಿಡಿದಳು.

"ಹೋಗು. ಇಲ್ಲಿನ ಕೆಲಸ ಬಿಟ್ಟು ನಾನೂ ಬರ್ತೀನಿ."

"ನಿಜವಾಗ್ಲೂ?"

"ಮನೆ ನೋಡಿಡು. ಅಡಿಗೆಮನೆಗೆ ಬೆಳಕಿರ್ಲಿ."

ಅವನು ಕಣ್ಣೊರೆಸಿಕೊಂಡ. "ಅಡಿಗೆ ಯಾರು ಮಾಡ್ತಾರೆ?"

"ನೀನೇ," ಎಂದಳು.