ನಿಶ್ಚಿತಾರ್ಥಕ್ಕೆ ಬಂದ ಬೂದು ಪತಂಗ

ಹೂ ಕೊಡುವ ಹುಡುಗರನ್ನು ರಾಧಾಮಣಿ ಸಿನಿಮಾದಲ್ಲಿ ನೋಡಿದ್ದಳು. ಹುಳ ಕೊಡುವವನನ್ನು ಮಾತ್ರ ಈಗಲೇ ನೋಡಿದ್ದು, ಅದೂ ತನ್ನ ನಿಶ್ಚಿತಾರ್ಥದ ದಿನ!

ಮಧುಗಿರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಅವಳು ಒಂದು ಸಣ್ಣ ಬೂದು ಪತಂಗಕ್ಕಾಗಿ ಬೆಟ್ಟದ ಬಂಡೆಯೆಲ್ಲ ತಡಕಿ ಸೋತಿದ್ದಳು. ಉಗುರಿನಷ್ಟು ಗಾತ್ರ, ಕಲ್ಲಿನದೇ ಬಣ್ಣ. ಅದರ ಬಗ್ಗೆ ಬರೆದವರೂ ಕಡಿಮೆ. ಬಲಸಮುದ್ರದ ಸೋಲಾರ್ ಪ್ಲಾಂಟಿನ ಟೆಕ್ನೀಷಿಯನ್ ಮುತ್ತುರಾಜನಿಗೆ ಅದು ಪ್ಯಾನೆಲ್ ಕೆಳಗೆ ಸಿಕ್ಕಿತ್ತು. ಅವಳನ್ನು ಮದುವೆಯಾಗಲಿದ್ದ ಗಂಡು ಅವನೇ; ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದೇಬಿಟ್ಟ.

"ಇದೇನಾ ನೋಡು," ಎಂದು ಚಾಪೆಯ ಮೇಲೆ ಪಕ್ಕದಲ್ಲಿ ಕೂತು ಪಿಸುಗುಟ್ಟಿದ.

"ಉಂಗುರ ಎಲ್ಲಿ ಅಂದ್ರೆ ಹುಳ ತರ್ತಾರಾ ಯಾರಾದ್ರೂ?"

"ಉಂಗುರ ಅಂಗಡೀಲಿ ಸಿಗ್ತದೆ ಕಣೆ."

ಅವನ ಕಣ್ಣಂಚಿನ ನಗು ನೋಡಿ ಅವಳ ಕೆನ್ನೆ ಬಿಸಿಯಾಯಿತು. ಒಂಚೂರು ತೆರೆದು ನೋಡೋಣವೆಂದು ಪೊಟ್ಟಣ ಸರಿಸಿದಳು. ಪತಂಗ ಪುರ್‍ರನೆ ಹಾರಿ ನೇರ ತಾಂಬೂಲದ ತಟ್ಟೆಯ ಪಕ್ಕ ಹಚ್ಚಿಟ್ಟಿದ್ದ ದೀಪದತ್ತ ಹೋಯಿತು.

"ಅಯ್ಯಯ್ಯೋ, ಪುರುಗು, ಹುಳ!" ಎಂದು ಮುತ್ತುರಾಜನ ಸೋದರತ್ತೆ ರಾಮಾಂಜಿನಮ್ಮ ಸೆರಗು ಬೀಸಿದರು. ದೀಪ ಆರಿತು.

"ಅಪಶಕುನ! ತಾಂಬೂಲ ಬದಲಾಯಿಸಂಗಿಲ್ಲ. ಈ ಸಂಬಂಧ ಬ್ಯಾಡ, ಏಳ್ಲಾ ಮುತ್ತ."

"ಅಂಗನ್ಬ್ಯಾಡಿ ತಾಯಿ," ಎಂದು ರಾಧಾಮಣಿಯ ಅಪ್ಪ ಸಣ್ಣರಂಗಯ್ಯ ಕೈಮುಗಿದರು.

ಅಪ್ಪನ ಮುಗಿದ ಕೈ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಎರಡು ಮನೆಯವರನ್ನು ಒಪ್ಪಿಸಲು ಪಟ್ಟ ಪಾಡೆಲ್ಲ ಹೀಗೆ ಹಾಳಾಗಬೇಕೆ?

"ಹುಳ ತಂದೋನು ನಾನು, ಬಯ್ಯಂಗಿದ್ರೆ ನನ್ನ ಬಯ್ಯತ್ತೆ," ಎಂದ ಮುತ್ತುರಾಜ. "ಏಳು ಅಂದ್ರೆ ಮಾತ್ರ ಏಳಾಕಿಲ್ಲ."

ಆ ಮಾತು ಕೇಳಿ ರಾಧಾಮಣಿ ಎದ್ದು ನಿಂತಳು. "ದೀಪ ಆರಿದ್ದು ಹುಳದಿಂದಲ್ಲ ಅಮ್ಮ, ನಿಮ್ಮ ಸೆರಗಿಂದ. ಕಣ್ಣಾರೆ ನೋಡಿದೀನಿ."

"ಮದುವೆಗೆ ಮುಂಚೇನೇ ಎದುರು ಮಾತಾ?"

"ಆಮೇಲೂ ಆಡ್ತೀನಿ. ಈಗಲೇ ಗೊತ್ತಿರ್ಲಿ."

 ಅವಳೇ ಬತ್ತಿ ಎಳೆದು ದೀಪ ಹಚ್ಚಿದಳು. ಪತಂಗ ಮುತ್ತುರಾಜನ ಕಾಲರಿನ ಮೇಲೆ ತನ್ನ ಪಾಡಿಗೆ ಕೂತಿತ್ತು. ಹಿರಿಯರು ಯಾರೂ ತಾಂಬೂಲದ ತಟ್ಟೆ ಮುಟ್ಟಲಿಲ್ಲ. ಹೆಣ್ಣು ಮುಟ್ಟುವ ಪದ್ಧತಿಯೂ ಇಲ್ಲ.

ರಾಧಾಮಣಿ ತಟ್ಟೆ ಎತ್ತಿ ಅವನ ಮುಂದೆ ಹಿಡಿದಳು.

"ನಂಗೆ ನೀನೇ ಬೇಕು. ತಗೊತೀಯಾ?"

ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಅವಳು ಅಪ್ಪನ ಕಡೆ ತಿರುಗಿದಳು. "ಕೈ ಇಳಿಸಪ್ಪ, ನಿಶ್ಚಯ ಆಯ್ತು. ಊಟಕ್ಕೆ ಎಲೆ ಹಾಕ್ಸು."