ಎಡಕ್ಕೆ ಸುತ್ತುವ ಹೆಜ್ಜೆ

ಥಡಿಯಸ್‌ನನ್ನು ನಾನು ಮೊದಲ ದಿನವೇ ಬೈದೆ. ಟಿವಿ ಧಾರಾವಾಹಿ ನಿರ್ದೇಶಿಸಲು ದೋಣಿಯಿಂದ ನಮ್ಮ ದ್ವೀಪಕ್ಕೆ ಇಳಿದವನ ಕೈಯಲ್ಲಿ ಅಜ್ಜಿಯ ಕಾದಂಬರಿಯಿತ್ತು. ಹತ್ತಾರು ಪುಟಗಳ ಮೂಲೆ ಮಡಚಿದ್ದ.

"ಇಲ್ಲಿ ಆ ಪುಸ್ತಕಾನ ಬೈಬಲ್ ಪಕ್ಕ ಇಡ್ತಾರೆ, ಗೊತ್ತೇನ್ರೀ? ನೀವು ಹಳೇ ಪೇಪರ್ ಥರ ಮಡಚಿದೀರ!"

"ಅಳು ಬಂದ ಕಡೆಯೆಲ್ಲ ಮಡಚಿದೆ ಮೇಡಂ. ಪುಣ್ಯಕ್ಕೆ ಪುಸ್ತಕ ಇನ್ನೂ ಮುಚ್ಚೋಕಾಗತ್ತೆ."

ನಗು ಬಂತು. ತೋರಿಸಿಕೊಳ್ಳಲಿಲ್ಲ.

ಹಗಲೆಲ್ಲ ಏಡಿ ಸುಲಿದು, ಉಳಿದ ಹೊತ್ತಿನಲ್ಲಿ ಅಜ್ಜಿ ಬರೆದದ್ದು ಗುಲಾಮಗಿರಿಯಿಂದ ಎದ್ದು ಬಂದ ನಮ್ಮದೇ ಮನೆತನದ ಕಥೆ. ಜಾರ್ಜಿಯಾದ ಈ ಕರಾವಳಿಯಲ್ಲಿ ಅದನ್ನು ಓದದ ಕಪ್ಪು ಮನೆಯಿಲ್ಲ. ಟಿವಿ ಧಾರಾವಾಹಿಗೆ ಕೊಡುವಾಗ ನಾನು ಹಾಕಿದ್ದು ಒಂದೇ ಷರತ್ತು: ಬಿಡುಗಡೆಯ ಸುದ್ದಿ ಬಂದ ಬೆಳಿಗ್ಗೆ ನಮ್ಮವರು ಸುತ್ತುಗಟ್ಟಿ ಹಾಡುವ ದೃಶ್ಯ ನಾನು ಒಪ್ಪಿದರೆ ಮಾತ್ರ ಉಳಿಯಬೇಕು. "ಅದನ್ನ ಕೆಡಿಸೋಕೆ ಬಿಡಬೇಡ ಅರ್ನೆಟಾ," ಎಂದು ಅಜ್ಜಿ ಸಾಯುವ ಮೊದಲು ಮಾತು ತೆಗೆದುಕೊಂಡಿದ್ದಳು.

ನಿರ್ದೇಶಕ ಮಹಾಶಯ ದಿನವೂ ನಮ್ಮ ಮನೆಗೆ ಸಂದೇಹ ಕೇಳಲು ಬರುತ್ತಿದ್ದ. ಸೀಗಡಿಯನ್ನವನ್ನು ಮೂರು ಸಲ ಬಡಿಸಿಕೊಂಡು, ಕಿವಿಯ ಮೇಲಿನ ಪೆನ್ಸಿಲನ್ನು ಮನೆಯೆಲ್ಲ ಹುಡುಕುತ್ತಿದ್ದ. ಅದು ಎಲ್ಲಿದೆಯೆಂದು ನಾನು ಬೇಗ ಹೇಳುತ್ತಿರಲಿಲ್ಲ. ಹುಡುಕುವಾಗ ಅವನ ಕಣ್ಣು ಆಗಾಗ ನನ್ನ ಮೇಲೇ ನಿಲ್ಲುತ್ತಿತ್ತು.

ಆ ದೃಶ್ಯದ ದಿನ ಬಂತು. ನಮ್ಮ ಪುಟ್ಟ ಪ್ರಾರ್ಥನಾಮನೆಯ ಪೂರ್ವದ ಕಿಟಕಿಯಲ್ಲಿ ಒಳ್ಳೆಯ ಬೆಳಕು ನಿಲ್ಲುವುದು ಅರ್ಧ ಗಂಟೆ. ಮುಖಗಳಿಗೆ ಬೆಳಕು ಬೀಳಲೆಂದು ಥಡಿಯಸ್ ನಟರನ್ನು ಬಲಕ್ಕೆ ಸುತ್ತಿಸಿದ. ಅವರು ಕಾಲಿಗೆ ಕಾಲು ದಾಟಿಸಿ ಕುಣಿದರು.

"ನಿಲ್ಲಿಸಿ!" ಎಂದೆ. "ಇದು ಕುಣಿತ ಅಲ್ಲ, ಪ್ರಾರ್ಥನೆ. ಎಡಕ್ಕೆ ಸುತ್ತಬೇಕು. ಕಾಲಿಗೆ ಕಾಲು ದಾಟಬಾರದು, ಪಾದ ನೆಲ ಬಿಡಬಾರದು."

ನಿರ್ಮಾಪಕ ಪ್ರೆಸ್ಕಾಟ್ ಗಡಿಯಾರ ನೋಡಿದ. "ನೋಡೋರಿಗೆ ಇದೆಲ್ಲ ಎಲ್ಲಿ ಗೊತ್ತಾಗತ್ತೆ? ಬೆಳಕು ಹೋದ್ರೆ ದೃಶ್ಯಾನೇ ಕಿತ್ತುಹಾಕ್ತೀನಿ."

ಬೇಡವೆಂದರೆ ಅಜ್ಜಿಯ ಬರಹದ ಜೀವವೇ ಹೋಗುತ್ತದೆ. ಹೂಂ ಎಂದರೆ ಅವಳಿಗೆ ಕೊಟ್ಟ ಮಾತು ಹೋಗುತ್ತದೆ.

ನಮ್ಮ ದ್ವೀಪದ ಹಿರಿಯಳು, ಎಂಬತ್ತೊಂದು ವರ್ಷದ ಮಿಸ್ ಲುವೀಜಾ ಬೆಂಚಿನಿಂದ ಎದ್ದಳು. ಪೊರಕೆಯ ಕೋಲನ್ನು ನೆಲಕ್ಕೆ ಕುಟ್ಟಿ ತಾಳ ಹಾಕುತ್ತ, "ಬಾ ಮಗಾ, ನೋಡು," ಎಂದು ಪಾದವನ್ನು ನೆಲಕ್ಕೆ ಉಜ್ಜುತ್ತ ಎಡಕ್ಕೆ ಹೊರಟಳು.

ಥಡಿಯಸ್ ನಿಂತಲ್ಲೇ ನಿಂತ.

"ನಮ್ಮಜ್ಜಿ..." ಎಂದ. "ಶಿಕಾಗೋದಲ್ಲಿ, ಬೇಜಾರಾದಾಗೆಲ್ಲ ಅಡುಗೆಮನೆ ಮೇಜು ಸುತ್ತೋರು. ಹೀಗೇ. ಮಂಡಿನೋವು ಅಂದ್ಕೊಂಡು ನಾನು ಅಣಕಿಸ್ತಿದ್ದೆ."

"ಯಾವ ಕಡೆಗೆ ಸುತ್ತೋರು?" ಎಂದೆ.

"ಎಡಕ್ಕೆ. ಯಾವಾಗ್ಲೂ ಎಡಕ್ಕೇ."

"ಹಂಗಾದ್ರೆ ನೀನು ಹೊರಗಿನೋನಲ್ಲ ಕಣೋ," ಎಂದಳು ಮಿಸ್ ಲುವೀಜಾ. "ದಾರಿ ತಪ್ಪಿ ಶಿಕಾಗೋದಲ್ಲಿ ಹುಟ್ಟಿದೀಯ, ಅಷ್ಟೇ."

ಅವನು ಕಣ್ಣೊರೆಸಿಕೊಂಡು ಬಲಕ್ಕೆ ಸುತ್ತುವವರ ಜೊತೆ ಕ್ಯಾಮೆರಾ ಓಡಿಸಲು ಹಾಕಿದ್ದ ಹಳಿಗಳನ್ನು ಕೀಳಿಸಿದ. ಪ್ರೆಸ್ಕಾಟ್ ಕೂಗಾಡಿದ.

"ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೀರಿ ಸರ್. ನಮ್ಮಜ್ಜಿ ಬಲಕ್ಕೆ ಸುತ್ತಲ್ಲ."

ನಟರ ನಡುವೆ ನಮ್ಮ ದ್ವೀಪದ ಹಿರಿಯರು ನಿಂತರು. ಕ್ಯಾಮೆರಾ ಕೈಯಲ್ಲಿ ಹಿಡಿದು ಅವನೂ ಅವರ ಜೊತೆ ಎಡಕ್ಕೆ ಸುತ್ತಿದ. ಕಿಟಕಿಯ ಬೆಳಕು ಹೋಗಿ, ಬಾಗಿಲಿನ ಮಬ್ಬು ಬೆಳಕಷ್ಟೇ ಉಳಿಯಿತು. ಆ ಕಪ್ಪು ಮುಖಗಳಿಗೆ ಅದು ಸಾಕಾಯಿತು. ಹಾಡಿಗೆ ನೆಲದ ಹಲಗೆ ನಡುಗುವಾಗ ನಾನು ಇವರ ಮನೆಯ ಮಗಳೆಂಬ ಹೆಮ್ಮೆಗೆ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಪ್ರೆಸ್ಕಾಟ್ ಕೂಡ ಟೋಪಿ ತೆಗೆದಿದ್ದ.

ಮುಗಿದ ಮೇಲೆ ಥಡಿಯಸ್ ಬೆವರಿಕೊಂಡು ಬಂದ. "ಒಪ್ಪಿದ್ರಾ?"

ಹೂಂ ಎಂದು ತಲೆಯಾಡಿಸಿದೆ.

"ಇನ್ನೊಂದು ಇದೆ. ದೋಣಿ ಹತ್ರ ಬೈದ್ರಲ್ಲ, ಅವತ್ತಿಂದ ನಿಮ್ಮನ್ನ ಪ್ರೀತಿಸ್ತಿದೀನಿ. ಇದಕ್ಕೆ ಷರತ್ತೇನಾದ್ರೂ ಇದ್ರೆ ಹೇಳ್ಬಿಡಿ."

ನಾನು ಅವನ ಜೋಳಿಗೆಯಿಂದ ಪುಸ್ತಕ ತೆಗೆದು, ಈ ದೃಶ್ಯದ ಪುಟ ಹುಡುಕಿದೆ. ಅದರ ಮೂಲೆ ನೆಟ್ಟಗಿತ್ತು.

"ಇಲ್ಲಿ ಅಳು ಬರ್ಲಿಲ್ವಾ?"

"ಆಗ ಅರ್ಥ ಆಗಿರ್ಲಿಲ್ಲ ಅರ್ನೆಟಾ."

ಅಜ್ಜಿಯ ಪುಸ್ತಕದ ಒಂದು ಪುಟವನ್ನೂ ಎಂದೂ ಮಡಚದ ನಾನು ಆ ಮೂಲೆಯನ್ನು ಮಡಚಿದೆ. ಆಮೇಲೆ ಪುಸ್ತಕವನ್ನು ಅವನ ಕೈಗಿಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡೆ.