ಅಂಬಿಗನ ಚಾಪೆ

"ಈ ಚಾಪಿ ಯಾರು ತೋಯಿಸ್ಯಾರ?" ಯಾರನ್ನೂ ನೋಡದೆ ಅಣ್ಣ ಫಕ್ಕೀರೇಶ ಕೇಳಿದ. ಹಾಗೆಯೇ ಪುರಾಣ ಓದಲು ಕುಳಿತ.

ನಮ್ಮದು ವರದಾ ನದಿಯ ನಡುಗಡ್ಡೆಯ ಊರು. ಊರು ಕಟ್ಟಿದ ಅಜ್ಜನವರ ದಿನ, ವರ್ಷಕ್ಕೊಮ್ಮೆ, ಮಠದಲ್ಲಿ ಅವರ ಪುರಾಣವನ್ನು ಅಣ್ಣ ಓದುತ್ತಾನೆ. ಅಜ್ಜನವರನ್ನು ದಾಟಿಸಿ ಮರಳುವಾಗ ಮುಳುಗಿದ ಅಂಬಿಗ ನಮ್ಮ ಹಿರಿಯ. ಅವನಿಗೊಂದು ಖಾಲಿ ಚಾಪೆ ಹಾಸುತ್ತೇವೆ. ಅವನ ಪದ್ಯ ಬಂದಾಗ ಪಕ್ಕದಲ್ಲಿ ಕುಳಿತು ಅವನ ಪರವಾಗಿ ಹೂಂಗುಟ್ಟುವುದು ನನ್ನ ಸೇವೆ.

ಈ ಸಲ ಅಣ್ಣ ಆ ಪದ್ಯವನ್ನೇ ಹಾರಿಸಿದ. ನಾನು ಮುಖ ನೋಡಿದರೆ, "ತಾಲೂಕಿನ ಸಾಹೇಬ್ರು ಬರಾಕತ್ತಾರ, ಲಗೂ ಮುಗಸ್ಬೇಕು. ಒಂದು ಪದ್ಯಕ್ಕ ಏನಾಗತೈತಿ?" ಎಂದು ಪಿಸುಗುಟ್ಟಿದ. ಒಂದೂ ಪದ್ಯ ಬಿಡದೆ ಓದುತ್ತೇನೆಂದು ಬೆಳಿಗ್ಗೆಯಷ್ಟೇ ಅಜ್ಜನವರ ಗದ್ದುಗೆ ಮುಟ್ಟಿ ಹೇಳಿದ್ದ. ನಾನು ಬಾಯಿ ಬಿಗಿಹಿಡಿದೆ.

ಆದರೂ ಪಕ್ಕದಿಂದ "ಹೂಂ" ಎಂದು ಕೇಳಿಸಿತು, ಬಾಯಲ್ಲಿ ನೀರು ತುಂಬಿಕೊಂಡವರು ಅಂದಂತೆ. ಅಂಥ ಬಿಸಿಲಲ್ಲೂ ಚಾಪೆಯ ಕಡೆಯ ನನ್ನ ಮೊಣಕಾಲು ಕೊರೆಯುತ್ತಿತ್ತು. ಮುಂದಿನ ಪ್ರತಿ ಪದ್ಯಕ್ಕೂ ಹೂಂ. ಮಂಗಳ ಮುಗಿದು, ಸಾಹೇಬರೂ ಹೋಗಿ, ಮಠ ಬರಿದಾದ ಮೇಲೂ, ಅಣ್ಣ ಕೆಮ್ಮಿದರೆ ಹೂಂ.

ಅಣ್ಣ ಮತ್ತೆ ಪುಸ್ತಕ ಬಿಚ್ಚಿದ. "ತಂಗೆವ್ವಾ, ಆ ಪದ್ಯ ಈಗ ಓದ್ತೇನಿ. ನೀ ಹೂಂ ಅನ್ನು, ಕೈಮುಗೀತೇನಿ."

"ಒಲ್ಲೆ ಅಣ್ಣಾ. ಅಂವ ಅನ್ನಾಕತ್ತಾನಲ್ಲ, ನೀ ಓದು."